ಎಂಜಿನ್ನಿನ ಸಿಸಿ ಎಂಬ ಲೆಕ್ಕ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹೊರ್ತಿಯನ್ನು ಯಾತ್ರಿಕರು ರೇವಣಸಿದ್ಧೇಶ್ವರನ ಕ್ಷೇತ್ರವೆಂದು ಬಲ್ಲರು. ಮಳೆಯನ್ನಷ್ಟೇ ನೆಚ್ಚಿ ನಿಂಬೆಯ ತೋಟವನ್ನು ಕಾಯಲಾಗದ ಈ ಇಂಡಿ ಸೀಮೆಯ ರೈತರಿಗಾದರೋ, ಕರೆಂಟು ಕೈಕೊಟ್ಟ ದಿನ ಬಾವಿಯ ನೀರನ್ನೆತ್ತುವ ಡೀಸೆಲ್ ಎಂಜಿನ್ನೂ ಅಷ್ಟೇ ಪರಿಚಿತವಾದುದು.

ಇಂತಹ ಎಂಜಿನ್ನುಗಳಲ್ಲಿ ಒಂದಾದ ಕಿರ್ಲೋಸ್ಕರ್ ಎವಿ-1 ಐದು ಅಶ್ವಶಕ್ತಿಯದು, 553 ಸಿಸಿಯದು. ಈ ಸಿಸಿಯೆಂಬುದು ಡೀಸೆಲ್ ಟಾಂಕಿಯ ಅಳತೆಯೂ ಅಲ್ಲ, ನೇರವಾಗಿ ಬಲದ ಅಳತೆಯೂ ಅಲ್ಲ. ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಏರುವಾಗ ಸಿಲಿಂಡರಿನೊಳಗೆ ಎಷ್ಟು ಅವಕಾಶವನ್ನು ಆಕ್ರಮಿಸುವುದೋ ಅದರ ಘನಫಲ. ಮೆಕ್ಯಾನಿಕರು ಬೋರ್ ಎನ್ನುವ ಒಳವ್ಯಾಸ ಇಲ್ಲಿ 80 ಮಿಲಿಮೀಟರ್, ಸ್ಟ್ರೋಕ್ ಎನ್ನುವ ಓಟ 110. ತ್ರಿಜ್ಯ 4 ಸೆಂಟಿಮೀಟರಿನ ವರ್ಗ 16, ಅದನ್ನು 3.1416ರಿಂದ ಗುಣಿಸಿದರೆ 50.27, ಮತ್ತೆ 11 ಸೆಂಟಿಮೀಟರಿನಿಂದ ಗುಣಿಸಿದರೆ 553. ಸಿಲಿಂಡರುಗಳು ಹಲವಿದ್ದಲ್ಲಿ ಆ ಸಂಖ್ಯೆಯಿಂದಲೂ ಗುಣಿಸತಕ್ಕದ್ದು. ಏಳನೆಯ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ವ್ಯಾಸವು ವರ್ಗವಾಗಿ ಬರುವುದರಿಂದ ಅದರ ಅಲ್ಪ ವೃದ್ಧಿಯೂ ಗಣನೀಯ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಕಾಣಸಿಗುವ ಕಿರ್ಲೋಸ್ಕರ್ ಟಿವಿ-1ರ ಓಟವೂ 110 ಮಿಲಿಮೀಟರೇ. ಬೋರ್ ಮಾತ್ರ 87.5. ವ್ಯಾಸ ನೂರಕ್ಕೆ ಒಂಬತ್ತರಷ್ಟು ಬೆಳೆದುದಕ್ಕೆ ಘನಫಲವು ನೂರಕ್ಕೆ ಇಪ್ಪತ್ತರಷ್ಟು ಬೆಳೆದು 661 ಸಿಸಿಯಾಯಿತು. ಪಿಸ್ಟನ್ ಮೇಲ್ತುದಿಯಲ್ಲಿದ್ದಾಗಲೂ ಅದರ ಮೇಲೆ ಉಳಿಯುವ ಸುಮಾರು 40 ಸಿಸಿಯ ದಹನಾವಕಾಶವು ಈ ಲೆಕ್ಕಕ್ಕೆ ಸೇರದು.

ಅಳೆಯುವಲ್ಲಿ ಎಚ್ಚರ ಬೇಕು. ಸವೆದ ಸಿಲಿಂಡರು ಶುದ್ಧ ವೃತ್ತವಾಗಿ ಉಳಿಯದು. ಮೇಲ್ಗಡೆ ಪಿಸ್ಟನ್ನಿನ ರಿಂಗುಗಳು ಮರಳುವೆಡೆ ಹೆಚ್ಚು ತೇಯ್ದಿರುವುದರಿಂದ, ಕೆಲವು ಎತ್ತರಗಳಲ್ಲಿ ಅಡ್ಡಲಾಗಿಯೂ ಉದ್ದಲಾಗಿಯೂ ಅಳೆಯಬೇಕಾಗುವುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕಿನ ಬೋರ್ 65, ಓಟ 75 ಮಿಲಿಮೀಟರ್, ಅಂದರೆ ಸುಮಾರು 249 ಸಿಸಿ. ಸವೆದ ಅದರ ಸಿಲಿಂಡರನ್ನು ಅರ್ಧ ಮಿಲಿಮೀಟರ್ ರೀಬೋರ್ ಮಾಡಿಸಿದರೆ, ಎಂದರೆ ಒಳವ್ಯಾಸ ಅಷ್ಟು ಹಿಗ್ಗುವಂತೆ ಕೊರೆಸಿದರೆ, ನಾಲ್ಕು ಸಿಸಿಯಷ್ಟು ಏರುವುದು ದಿಟ. ಆದರೆ ಗಾಡಿ ಮೊದಲಿನಂತೆ ಎಳೆಯತೊಡಗುವುದು ಆ ನಾಲ್ಕು ಸಿಸಿಯಿಂದಲ್ಲ, ಹೊಸ ಪಿಸ್ಟನ್ನು, ರಿಂಗುಗಳು ಒತ್ತಡವನ್ನು ಸೋರಗೊಡದಿರುವುದರಿಂದ.

ಬಾವಿಯ ಎಂಜಿನ್ನಿನ ಅರ್ಧದಷ್ಟೂ ಸಿಸಿಯಿಲ್ಲದ ಈ ಜಾವಾ ಅದಕ್ಕಿಂತ ಇಮ್ಮಡಿ ಮಿಕ್ಕ ಅಶ್ವಶಕ್ತಿಯನ್ನು ಕೊಡುವುದೇಕೆಂದರೆ, ಅದು ಟೂ-ಸ್ಟ್ರೋಕ್. ಪ್ರತಿಯೊಂದು ಸುತ್ತಿಗೂ ಒಮ್ಮೆ ಉರಿಯುವುದಲ್ಲದೆ, ಸುತ್ತುಗಳ ವೇಗವೂ ಬಹಳ ಹೆಚ್ಚು. ನಿಮಿಷಕ್ಕೆ 1500 ಸುತ್ತುವ ಎವಿ-1 ಎರಡು ಸುತ್ತಿಗೊಮ್ಮೆ ಉಸಿರೆಳೆದು, 750 ಬಾರಿಗೆ ಹೆಚ್ಚೆಂದರೆ 415 ಲೀಟರ್ ಗಾಳಿಯನ್ನು ಒಳಗೊಳ್ಳುವುದು, ಮತ್ತು ಡೀಸೆಲ್ ಇರುವತನಕ ಅದೇ ಗತಿಯಲ್ಲಿ ಪಂಪನ್ನು ತಿರುಗಿಸುತ್ತಿರುವುದು.