ಪೆಟ್ಟಿಗೆ ಬಂತು, ತುಡುವೆ ಉಳಿಯಬೇಕು

ದಕ್ಷಿಣ ಭಾರತದ ಜೇನುಕೃಷಿಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು 1991–92ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತಗುಲಿ, ಇಲ್ಲಿ ಸಾಕಿದ್ದ ತುಡುವೆ ಜೇನು ಕುಟುಂಬಗಳಲ್ಲಿ ಶೇ 90ಕ್ಕೂ ಹೆಚ್ಚು ನಾಶವಾದವು. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಕಂಡ ಈ ರೋಗ 1978ರ ಹೊತ್ತಿಗೆ ಈಶಾನ್ಯ ಭಾರತ ಮುಟ್ಟಿತ್ತು. ಇದು ಎರಗುವುದು ಮರಿಗಳ ಮೇಲೆ. ಮರಿಹುಳು ಕೋಶಾವಸ್ಥೆಗೆ ಹೋಗುವ ಮುನ್ನವೇ ಸತ್ತು, ನೀರು ತುಂಬಿದ ಚೀಲದಂತೆ ಎರಿಯ ಕಣದಲ್ಲಿ ಉಳಿದುಬಿಡುತ್ತದೆ. ದುಡಿಯುವ ಹೊಸ ಹುಳುಗಳು ಹುಟ್ಟದೆ ಕುಟುಂಬ ಸೊರಗುತ್ತದೆ, ಕೊನೆಗೆ ಪೆಟ್ಟಿಗೆ ಬರಿದಾಗುತ್ತದೆ. ಇದಕ್ಕೆ ಔಷಧವಿಲ್ಲ. 1930ರ ದಶಕದಲ್ಲೇ ವಿರಾಜಪೇಟೆಯಲ್ಲಿ ಸಹಕಾರಿ ಸಂಘ ಕಟ್ಟಿಕೊಂಡು ಹೆಸರು ಮಾಡಿದ್ದ ಕೊಡಗಿನ ಜೇನುಕೃಷಿ ಆ ಹೊಡೆತಕ್ಕೆ ನೆಲ ಕಚ್ಚಿತು.

ತುಡುವೆ ಮತ್ತೆ ಚೇತರಿಸಿಕೊಂಡಿತು. ರೋಗ ತಡೆದುಕೊಂಡ ಅಲ್ಪಸ್ವಲ್ಪ ಕುಟುಂಬಗಳು ಮರದ ಪೊಟರೆ, ಹುತ್ತ, ಕಲ್ಲುಸಂದುಗಳಲ್ಲಿ ಬದುಕಿದ್ದವು. ಅವನ್ನು ಹಿಡಿದು ತಂದು, ಪಾಲು ಮಾಡಿ, ಗಟ್ಟಿ ಕುಟುಂಬದ ರಾಣಿಯನ್ನೇ ಮುಂದುವರಿಸಿದವರು ಮಲೆನಾಡು, ಕರಾವಳಿಯ ಕೃಷಿಕರು. ಸರ್ಕಾರದ ತರಬೇತಿಯೂ ಸಹಾಯಧನವೂ ನೆರವಾದವು ನಿಜ. ಆದರೆ ಆ ಚೇತರಿಕೆಯ ಬೇರು ಇದ್ದದ್ದು ಸ್ಥಳೀಯ ಜೇನಿನ ತಾಳಿಕೆಯಲ್ಲಿ. ಇಂದಿನ ಯೋಜನೆಗಳನ್ನು ಅಳೆಯುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ದೇಶಮಟ್ಟದಲ್ಲಿ ಜೇನುಕೃಷಿಯ ಕೆಲಸ ನೋಡಿಕೊಳ್ಳುವುದು 2000ರಲ್ಲಿ ನೋಂದಣಿಯಾದ ರಾಷ್ಟ್ರೀಯ ಜೇನು ಮಂಡಳಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2017ರಿಂದ ಪೆಟ್ಟಿಗೆ ಹಂಚುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನುಕೃಷಿ ಮತ್ತು ಜೇನುತುಪ್ಪ ಮಿಷನ್ ಘೋಷಿಸಿತು. ಸಾಕಾಣಿಕೆ ಮತ್ತು ಪರಾಗಸ್ಪರ್ಶ, ಕೊಯ್ಲೋತ್ತರ ಸಂಸ್ಕರಣೆ ಮತ್ತು ಮಾರಾಟ, ಸಂಶೋಧನೆ ಎಂಬ ಮೂರು ಭಾಗ ಅದಕ್ಕೆ. ತುಪ್ಪದ ಕಲಬೆರಕೆ ಪತ್ತೆಗೆ ಆನಂದ್‌ನಲ್ಲಿ ದೊಡ್ಡ ಪ್ರಯೋಗಾಲಯ ತೆರೆಯಿತು. ಸಾಕಣೆದಾರರ ನೋಂದಣಿಗೆ ‘ಮಧುಕ್ರಾಂತಿ’ ಪೋರ್ಟಲ್ ಬಂತು. ಕರ್ನಾಟಕದ ತೋಟಗಾರಿಕೆ ಇಲಾಖೆ ಪೆಟ್ಟಿಗೆ ಮತ್ತು ಕುಟುಂಬಗಳಿಗೆ ಸಹಾಯಧನ ಕೊಡುತ್ತದೆ, ಭಾಗಮಂಡಲದಲ್ಲಿ ತರಬೇತಿ ನಡೆಸುತ್ತದೆ, ‘ಝೇಂಕಾರ’ ಹೆಸರಿನಲ್ಲಿ ತುಪ್ಪಕ್ಕೆ ಮಾರುಕಟ್ಟೆ ಹುಡುಕಿದೆ.

ಇವೆಲ್ಲ ಬೇಕಾದವೇ. ಆದರೂ ಇವುಗಳ ಒತ್ತು ತುಪ್ಪದ ಮೇಲೆ, ಆದ್ದರಿಂದ ಹೆಚ್ಚು ತುಪ್ಪ ಕೊಡುವ ಮೆಲ್ಲಿಫೆರಾ ಜೇನಿನ ಮೇಲೆ. ಯುರೋಪಿನ ಮೂಲದ ಈ ಜೇನು 1962ರಲ್ಲಿ, ಆಗ ಪಂಜಾಬಿಗೆ ಸೇರಿದ್ದ ನಗ್ರೋಟಾದಲ್ಲಿ ನೆಲೆಯೂರಿತು. ಉತ್ತರದ ವಿಶಾಲ ಸಾಸಿವೆ ಹೊಲಗಳಿಗೆ ಅದು ಒಗ್ಗಿದೆ. ಹೂವಿಲ್ಲದ ತಿಂಗಳುಗಳಲ್ಲಿ ಅದಕ್ಕೆ ಸಕ್ಕರೆ ಪಾಕ ಬೇಕು ಅಥವಾ ಹೂವಿರುವ ಊರಿಗೆ ಪೆಟ್ಟಿಗೆ ಸಾಗಿಸಬೇಕು. ವರ್ರೋವಾ ನುಸಿಯನ್ನು ಮೈಮೇಲಿಂದ ಕಿತ್ತೊಗೆಯುವಲ್ಲಿ ಅದು ತುಡುವೆಗೆ ಸಮನಲ್ಲ. ಮಲೆನಾಡಿನ ಮಳೆಗೂ ಚಿಕ್ಕ ಹಿಡುವಳಿಗೂ ಹೊಂದುವುದು ತುಡುವೆಯೇ. ದೂರದಿಂದ ತಂದು ಹಂಚಿದ ಕುಟುಂಬಗಳ ಜೊತೆ ರೋಗವೂ ಬರಬಹುದು. ಹಾಗಾಗಿ ಆಯಾ ಜಿಲ್ಲೆಯ ರೋಗನಿರೋಧಕ ಕುಟುಂಬಗಳನ್ನು ಅಲ್ಲೇ ವೃದ್ಧಿ ಮಾಡಿ ಕೊಡುವುದು ಪೆಟ್ಟಿಗೆ ಹಂಚುವುದಕ್ಕಿಂತ ಮುಖ್ಯವಾದ ಕೆಲಸ.

ವಿಷದ ಪ್ರಶ್ನೆಯಲ್ಲಿ ಸರ್ಕಾರಗಳ ನಡಿಗೆ ಇನ್ನೂ ನಿಧಾನ. ಹೂ ಬಿಟ್ಟ ಬೆಳೆಗೆ ಹಗಲು ಹೊತ್ತು ಸಿಂಪಡಿಸಿದ ಕೀಟನಾಶಕ ಜೇನನ್ನು ನೇರವಾಗಿ ಕೊಲ್ಲುತ್ತದೆ. ಬೀಜೋಪಚಾರಕ್ಕೆ ಬಳಸುವ ನಿಯೊನಿಕೋಟಿನಾಯ್ಡ್‌ಗಳು ಮಕರಂದ, ಪರಾಗಗಳಿಗೂ ಸೇರುತ್ತವೆ. ಐರೋಪ್ಯ ಒಕ್ಕೂಟ ಇಮಿಡಾಕ್ಲೋಪ್ರಿಡ್, ಥಯಾಮೆಥೊಕ್ಸಾಮ್, ಕ್ಲೋಥಿಯಾನಿಡಿನ್‌ಗಳನ್ನು 2013ರಲ್ಲಿ ನಿರ್ಬಂಧಿಸಿ, 2018ರಲ್ಲಿ ಬಯಲು ಬೆಳೆಗಳಿಗೆ ಪೂರ್ತಿ ನಿಷೇಧಿಸಿತು. ಭಾರತ 2020ರಲ್ಲಿ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿತು, ಅವುಗಳಲ್ಲಿ ಹಲವು ಜೇನಿಗೆ ಮಾರಕವೆಂದೇ ಪಟ್ಟಿ ಸೇರಿದ್ದವು. 2023ರ ಆದೇಶದ ವೇಳೆಗೆ ಬಹುಪಾಲು ಹೆಸರುಗಳು ನಿಷೇಧದಿಂದ ಹೊರಗುಳಿದವು. ಸಂಜೆ ಹೊತ್ತು ಸಿಂಪಡಿಸುವ ಸರಳ ಸಲಹೆಯಾದರೂ ಪ್ರತಿ ಹಳ್ಳಿಗೆ ತಲುಪಿದರೆ ಎಷ್ಟೋ ಕುಟುಂಬಗಳು ಉಳಿದಾವು.

ಇನ್ನು ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಯಾವ ಯೋಜನೆಯೂ ಅದನ್ನು ಮುಟ್ಟುವುದಿಲ್ಲ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಹೂಮಳೆ ಬಿದ್ದು ಕೊಡಗಿನ ತೋಟಗಳು ಬೆಳ್ಳಗೆ ಅರಳಿದಾಗ ಗಿಡದಿಂದ ಗಿಡಕ್ಕೆ ಪರಾಗ ಒಯ್ಯುವವುಗಳಲ್ಲಿ ಹೆಜ್ಜೇನು ಪ್ರಮುಖ. ವರ್ಷವರ್ಷವೂ ಅದೇ ಎತ್ತರದ ಮರಗಳಿಗೆ ಮರಳಿ ಬಂದು ಗೂಡು ಕಟ್ಟುವುದು ಅದರ ಸ್ವಭಾವ. ಅಂಥ ಮರಗಳನ್ನು ಗುರುತಿಸಿ ಕಾಯುವುದು ತೋಟಗಾರಿಕೆ ಇಲಾಖೆಯೊಂದರಿಂದ ಆಗದು. ಅರಣ್ಯ ಇಲಾಖೆ, ಲೋಕೋಪಯೋಗಿ ಇಲಾಖೆ, ಗ್ರಾಮ ಪಂಚಾಯಿತಿ ಮೂರೂ ಕೈಗೂಡಿಸಬೇಕು.