ಬಿತ್ತನೆ ಹೊತ್ತಿಗೆ ಸೆಲ್ಫ್ ಹೊಡೆಯದ ಟ್ರ್ಯಾಕ್ಟರ್

ರೋಹಿಣಿ ಮಳೆ ಬಿದ್ದು ಎರಡು ದಿನವಾಗಿದೆ. ಹೊಲ ಹದಕ್ಕೆ ಬಂದಿದೆ. ಬೀಜ, ಗೊಬ್ಬರ, ಆಳು ಎಲ್ಲ ಸಿದ್ಧ. ಬೇಸಿಗೆಯುದ್ದಕ್ಕೂ ಕೊಟ್ಟಿಗೆ ಪಕ್ಕ ನಿಂತಿದ್ದ ಟ್ರ್ಯಾಕ್ಟರ್ ಹತ್ತಿ ಕೀಲಿ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಗುತ್ತದೆ. ಆ ವಾರ ಪೇಟೆಯ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಸಿಗುವಷ್ಟರಲ್ಲಿ ಹದ ಆರಿರುತ್ತದೆ. ಇಂಥ ಹೊತ್ತಿನಲ್ಲಿ ಬ್ಯಾಟರಿಯನ್ನು ರೈತನೇ ಪರೀಕ್ಷಿಸಿಕೊಳ್ಳಲು ಬಂದರೆ ಎಷ್ಟೋ ಸಲ ಅರ್ಧ ದಿನದಲ್ಲಿ ಕೆಲಸ ಸುಗಮವಾಗುತ್ತದೆ. ಕಾರು, ಜೀಪುಗಳಿಗೂ ಇದೇ ಕ್ರಮ.

ಮೊದಲು ಮುಂದಿನ ದೀಪ ಹಚ್ಚಿ, ಒಬ್ಬರನ್ನು ಎದುರಿಗೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ. ದೀಪ ಮಂಕಾಗಿ ಆರುವಂತಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಸಂಪರ್ಕ ಸಡಿಲಾಗಿದೆ. ದೀಪ ಪ್ರಖರವಾಗಿಯೇ ಉಳಿದು ಎಂಜಿನ್ ಮಾತ್ರ ತಿರುಗದಿದ್ದರೆ ದೋಷ ಬಹುತೇಕ ಸೆಲ್ಫ್ ಮೋಟಾರಿನಲ್ಲೋ ಅದರ ಸ್ವಿಚ್ಚಿನಲ್ಲೋ ಇರುತ್ತದೆ, ಬ್ಯಾಟರಿಯನ್ನು ದೂರಬೇಡಿ.

ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದೇ ಕಾರಣವಿರಬಹುದು. ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ತಂತಿ ಬಿಚ್ಚಿರಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒರೆಸಿ. ಸೋಡಾ ನೀರು ಮುಚ್ಚಳದ ಒಳಗೆ ಇಳಿಯಕೂಡದು. ತಿರುಗಿ ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಮೈನಸ್ ತಂತಿಯ ಇನ್ನೊಂದು ತುದಿ ಟ್ರ್ಯಾಕ್ಟರಿನ ಮೈಗೆ ಸೇರುವ ಜಾಗವನ್ನೂ ಉಜ್ಜಬೇಕು. ನಾನು ಒಮ್ಮೆ ಹೊಸ ಬ್ಯಾಟರಿಯನ್ನೇ ತಂದು ಕೂರಿಸಿ, ಆಮೇಲೆ ತುಕ್ಕು ಹಿಡಿದ ಆ ಬೋಲ್ಟನ್ನು ಕಂಡವನು.

ಇಷ್ಟಾದರೂ ಸೆಲ್ಫ್ ಹೊಡೆಯದಿದ್ದರೆ ಮುಚ್ಚಳ ತೆರೆದು ನೋಡಿ. 12 ವೋಲ್ಟಿನ ಬ್ಯಾಟರಿಯಲ್ಲಿ 6 ಕೋಣೆಗಳಿರುತ್ತವೆ. ಪ್ರತಿ ಕೋಣೆಯಲ್ಲೂ ನೀರು ಸೀಸದ ಫಲಕಗಳ ಮೇಲೆ ಸುಮಾರು ಒಂದು ಸೆಂಟಿಮೀಟರ್ ನಿಂತಿರಬೇಕು. ಕತ್ತಲಾಗಿದ್ದರೆ ಟಾರ್ಚ್ ಹಿಡಿಯಿರಿ. ಬೆಂಕಿಕಡ್ಡಿ, ಬೀಡಿ ಹತ್ತಿರ ಸುಳಿಯಕೂಡದು. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಒಂದು ಕಿಡಿಗೆ ಸಿಡಿದು, ಆಸಿಡ್ ಸಮೇತ ಮುಖಕ್ಕೆ ಹಾರುತ್ತದೆ. ಆಸಿಡ್ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಧಾರಾಳ ನೀರಿನಲ್ಲಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಕೆಟ್ಟಿನಲ್ಲಿ ನೀರು ತುಂಬಿಟ್ಟುಕೊಂಡೇ ಕೆಲಸಕ್ಕೆ ಕೂರುವುದು ಲೇಸು.

ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಫಲಕಗಳನ್ನು ಹಾಳುಮಾಡುತ್ತದೆ. ಆಸಿಡ್ಡನ್ನಂತೂ ಹಾಕಲೇಬೇಡಿ, ಆವಿಯಾಗಿ ಹೋದದ್ದು ನೀರು, ಆಸಿಡ್ ಒಳಗೇ ಇದೆ. ಚಾರ್ಜ್ ಮಾಡುವ ಮುಂಚೆ ಫಲಕ ಮುಳುಗುವಷ್ಟು ಹಾಕಿದರೆ ಸಾಕು, ಉಳಿದದ್ದು ಚಾರ್ಜ್ ಆದ ಮೇಲೆ. ಮುಚ್ಚಳವಿಲ್ಲದ ಸೀಲ್ಡ್ ಬ್ಯಾಟರಿಯನ್ನು ಮಾತ್ರ ಬಿಚ್ಚುವ ಸಾಹಸ ಬೇಡ.

ಚಾರ್ಜಿಗೆ ಇಡುವಾಗ ಗಾಳಿಯಾಡುವ ಜಾಗ ಬೇಕು. ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೇ ಒಂದು ಭಾಗ ಮೀರದಂತೆ ವಿದ್ಯುತ್ ಹಾಯಿಸಿ: 88ರ ಬ್ಯಾಟರಿಗೆ 8 ಆಂಪಿಯರ್ ಸರಿ. ಪೂರ್ತಿ ಇಳಿದಿದ್ದರೆ 12 ಗಂಟೆಯಾದರೂ ಬೇಕು. ಅವಸರಕ್ಕೆ ಹೆಚ್ಚು ಆಂಪಿಯರ್ ಕೊಟ್ಟರೆ ಬ್ಯಾಟರಿ ಕಾದು ಕೆಡುತ್ತದೆ.

ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿಟ್ಟ ಮೇಲೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ; 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಇದಕ್ಕಿಂತ ನಂಬಬಹುದಾದ ಸಾಕ್ಷಿ ಹೈಡ್ರೊಮೀಟರಿನದು. ಅದು ದುಬಾರಿ ವಸ್ತುವಲ್ಲ, ನಾಲ್ಕು ಮನೆಯವರು ಸೇರಿ ಒಂದು ಇಟ್ಟುಕೊಳ್ಳಬಹುದು. ಆರೂ ಕೋಣೆಗಳಲ್ಲಿ 1.250ರ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ. ಐದರಲ್ಲಿ 1.250 ಇದ್ದು ಒಂದರಲ್ಲಿ 1.150 ಎಂದರೆ ಆ ಕೋಣೆ ಸತ್ತಂತೆ, ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ. ಅದಕ್ಕೆ ಪುಡಿ, ದ್ರಾವಣ ಸುರಿದು ಜೀವ ಬರಿಸುವೆವು ಎನ್ನುವವರ ಮಾತಿಗೆ ಹಣ ಕಳೆಯಬೇಡಿ.

ಬ್ಯಾಟರಿ ಚೆನ್ನಾಗಿದ್ದೂ ಪದೇ ಪದೇ ಇಳಿಯುತ್ತಿದ್ದರೆ ಎಂಜಿನ್ ಚಾಲೂ ಮಾಡಿ ಮೀಟರ್ ನೋಡಿ. 13.8ರಿಂದ 14.4 ವೋಲ್ಟ್ ಬರಬೇಕು. ಬರದಿದ್ದರೆ ಫ್ಯಾನ್ ಬೆಲ್ಟ್ ಸಡಿಲವಿದೆಯೇ ನೋಡಿ, ಬಿಗಿಯಿದ್ದರೆ ಡೈನಮೊ ಬಿಚ್ಚಿಸಬೇಕು. ಹುಡುಗರು ಹಾಡು ಕೇಳಲು ಬ್ಯಾಟರಿಯಿಂದ ನೇರ ತಂತಿ ಎಳೆದಿದ್ದರೆ ಅದನ್ನೂ ವಿಚಾರಿಸಿಕೊಳ್ಳಿ.

ಬೇಸಿಗೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವಾಗ ಮೈನಸ್ ತಂತಿ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿದರೆ ಒಳ್ಳೆಯದು. ಇಳಿದ ಬ್ಯಾಟರಿ ಹಾಗೇ ಬಿದ್ದಿದ್ದರೆ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ.

ಸತ್ತ ಬ್ಯಾಟರಿಯನ್ನು ಸೀಸದ ಆಸೆಗೆ ಅಂಗಳದಲ್ಲಿ ಒಡೆಯಬೇಡಿ. ಸೀಸದ ಧೂಳು ಮಕ್ಕಳ ಮೆದುಳಿಗೆ ವಿಷ. ಚೆಲ್ಲಿದ ಆಸಿಡ್ ಬಾವಿಯ ನೀರನ್ನೂ ಕೆಡಿಸಬಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಯ್ದು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.