ಬಾಬಿಲೋನ್: ಸೆರೆಯ ನಾಡು, ಬರಹದ ನಾಡು

ತಪಸ್ಸು ಕಾಲದ ನಾಲ್ಕನೆಯ ಭಾನುವಾರ, 'ಬಿ' ವರ್ಷದ ವಾಚನಗಳಲ್ಲಿ ನಾವು ಬಾಬಿಲೋನಿನ ಕಥೆಯನ್ನು ಕೇಳುತ್ತೇವೆ. ಮೊದಲ ವಾಚನದಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟುಹೋಗಿ ಜನರು ಸೆರೆಯಾಗಿ ಹೋಗುವ ಪ್ರಸಂಗವಿದೆ. ಅದರ ಬೆನ್ನಿಗೇ ಬರುವ 137ನೆಯ ಕೀರ್ತನೆ ಆ ಸೆರೆಯಾಳುಗಳ ಅಳಲು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯನ್ನು ಕಂಡ ಹಿರಿಯರ ಸಂತತಿಯವರು ಹೆಚ್ಚಾಗಿರುವ ಈ ಕರಾವಳಿಯಲ್ಲಿ ಆ ಕೀರ್ತನೆ ಬೇಗ ಮನಸ್ಸಿಗೆ ತಟ್ಟುತ್ತದೆ. ಪ್ರಕಟನಾ ಗ್ರಂಥಕ್ಕೆ ಬಂದರೆ ಬಾಬಿಲೋನ್ ಎಂಬುದು ಪಾಪದ ಮಹಾನಗರಿಯ ಹೆಸರು. ಹೀಗಾಗಿ ಕ್ರೈಸ್ತ ಶಿಕ್ಷಣದ ತರಗತಿಗಳಲ್ಲಿ ಬಾಬಿಲೋನಿನವರೆಂದರೆ ದುಷ್ಟರು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಆದರೆ ನಮ್ಮ ಪವಿತ್ರ ಗ್ರಂಥದ ಎಷ್ಟೋ ಪುಟಗಳಿಗೆ ಹೊರಗಿನ ಸಾಕ್ಷಿ ಸಿಕ್ಕಿರುವುದು ಇದೇ ಜನರ ಬರಹಗಳಿಂದ. ಆ ಬರಹಗಳನ್ನು ಜಗತ್ತಿಗೆ ಓದಿ ಹೇಳಿದವರಲ್ಲಿ ಕಥೋಲಿಕ ಗುರುಗಳೂ ಇದ್ದಾರೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಬಾಬಿಲೋನ್ ಇದ್ದದ್ದು ಇಂದಿನ ಇರಾಕಿನಲ್ಲಿ, ಬಾಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 85 ಕಿ.ಮೀ. ದೂರದಲ್ಲಿ, ಯೂಫ್ರೆಟಿಸ್ ನದಿಯ ದಡದಲ್ಲಿ. ಅಲ್ಲಿನವರು ತಮ್ಮ ನಗರದ ಹೆಸರಿಗೆ 'ದೇವರ ಬಾಗಿಲು' ಎಂದು ಅರ್ಥ ಹೇಳುತ್ತಿದ್ದರು. ಆದಿಕಾಂಡದ 11ನೆಯ ಅಧ್ಯಾಯವು ಅದೇ ಹೆಸರನ್ನು ಗಲಿಬಿಲಿ ಎಂಬರ್ಥದ ಹೀಬ್ರೂ ಪದಕ್ಕೆ ಜೋಡಿಸಿ ಬಾಬೆಲ್ ಗೋಪುರದ ಕಥೆಯನ್ನು ಹೇಳುತ್ತದೆ. ಕಲ್ಲಿನ ಬದಲು ಇಟ್ಟಿಗೆ, ಗಾರೆಯ ಬದಲು ಕಲ್ಲರಗು ಬಳಸಿದರೆಂಬ ಅಲ್ಲಿನ ವಿವರ ಆ ನಾಡಿನ ಕಟ್ಟಡಗಳಿಗೆ ಸರಿಯಾಗಿ ಹೊಂದುತ್ತದೆ. ಕಲ್ಲೇ ಸಿಗದ ಬಯಲುನಾಡು ಅದು. ನಗರದ ನಡುವೆ ಮರ್ದುಕ್ ದೇವತೆಗಾಗಿ ಎದ್ದಿದ್ದ ಮೆಟ್ಟಿಲುಗೋಪುರದ ತಳಪಾಯ ಒಂದೊಂದು ಬದಿಗೆ ಸುಮಾರು 91 ಮೀಟರ್ ಇತ್ತು. ಪ್ರಸಿದ್ಧ ತೂಗುತೋಟದ ಬಗ್ಗೆ ಮಾತ್ರ ಬಾಬಿಲೋನಿನವರ ಬರಹಗಳಲ್ಲಿ ಒಂದು ಮಾತೂ ಸಿಕ್ಕಿಲ್ಲ.

ಅವರು ಬರೆಯುತ್ತಿದ್ದದ್ದು ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ, ಜೊಂಡಿನ ಕಡ್ಡಿಯಿಂದ ಒತ್ತಿ. ಬೆಣೆಯಾಕಾರದ ಆ ಗುರುತುಗಳಿಗೆ ಬೆಣೆಲಿಪಿ ಎನ್ನುತ್ತೇವೆ. ಕಾಗದವಾದರೆ ಎಂದೋ ಮಣ್ಣುಪಾಲಾಗುತ್ತಿತ್ತು. ಮಣ್ಣೇ ಆದ್ದರಿಂದ ಉಳಿಯಿತು.

ಅವರ ಬರಹಗಳಲ್ಲಿ ಹೆಚ್ಚು ಹೆಸರಾದದ್ದು ಕ್ರಿ.ಪೂ. 18ನೆಯ ಶತಮಾನದ ಅರಸ ಹಮ್ಮುರಬಿಯ ಕಾನೂನು. ಇದನ್ನು ಕೆತ್ತಿದ 2.25 ಮೀಟರ್ ಎತ್ತರದ ಕಪ್ಪು ಶಿಲಾಸ್ತಂಭ 1901-02ರಲ್ಲಿ ಇರಾನಿನ ಸೂಸಾದಲ್ಲಿ ಫ್ರೆಂಚ್ ತಂಡಕ್ಕೆ ಸಿಕ್ಕಿತು. ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಓದಿ, ಅನುವಾದಿಸಿ 1902ರಲ್ಲೇ ಪ್ರಕಟಿಸಿದವರು ಡೊಮಿನಿಕನ್ ಸಭೆಯ ಗುರು ವಂ. ಜಾನ್ ವಿನ್ಸೆಂಟ್ ಶೇಲ್. ಅವರು ಅದನ್ನು 282 ವಿಧಿಗಳಾಗಿ ವಿಂಗಡಿಸಿದ ಕ್ರಮವೇ ಇಂದಿಗೂ ಬಳಕೆಯಲ್ಲಿದೆ.

ಕಣ್ಣಿಗೆ ಕಣ್ಣು ಎಂಬ ವಿಧಿಯಿಂದಾಗಿ ಹಮ್ಮುರಬಿಯ ಹೆಸರು ಎಲ್ಲರಿಗೂ ಗೊತ್ತು. ವಿಮೋಚನಾಕಾಂಡದಲ್ಲೂ ಅಂಥದೇ ವಿಧಿಯಿದೆ. ನಮಗೆ ಹೆಚ್ಚು ಮುಖ್ಯವೆನಿಸುವುದು ಬಡವರ ಸಾಲದ ಕುರಿತ ವಿಧಿಗಳು. 48ನೆಯ ವಿಧಿಯ ಪ್ರಕಾರ ಸಾಲಗಾರನ ಹೊಲವನ್ನು ನೆರೆ ಕೊಚ್ಚಿಕೊಂಡು ಹೋದರೆ, ಅಥವಾ ನೀರಿಲ್ಲದೆ ಬೆಳೆ ಬರದಿದ್ದರೆ, ಆ ವರ್ಷ ಅವನು ಧಾನ್ಯ ಮರಳಿಸಬೇಕಾಗಿಲ್ಲ, ಬಡ್ಡಿಯನ್ನೂ ಕೊಡಬೇಕಾಗಿಲ್ಲ. ಸಾಲಪತ್ರದ ಹಲಗೆಯನ್ನು ನೀರಿನಲ್ಲಿ ನೆನೆಸಿ ತಿದ್ದಬೇಕು. 117ನೆಯ ವಿಧಿಯಂತೆ ಸಾಲಕ್ಕಾಗಿ ಹೆಂಡತಿ ಮಕ್ಕಳನ್ನು ಜೀತಕ್ಕೆ ಕೊಟ್ಟಿದ್ದರೆ ಅವರು ಮೂರು ವರ್ಷ ದುಡಿದು ನಾಲ್ಕನೆಯ ವರ್ಷ ಬಿಡುಗಡೆ ಹೊಂದಬೇಕು. ಹೀಬ್ರೂ ದಾಸನಿಗೆ ಏಳನೆಯ ವರ್ಷ ಬಿಡುಗಡೆ ಎನ್ನುವ ವಿಮೋಚನಾಕಾಂಡದ 21ನೆಯ ಅಧ್ಯಾಯದ ಜೊತೆ ಇದನ್ನು ಇಟ್ಟು ಓದಬೇಕು. ಹಾಗೆಂದು ಹಮ್ಮುರಬಿಯನ್ನು ಸಂತನನ್ನಾಗಿ ಮಾಡಬೇಕಾಗಿಲ್ಲ. ಗಣ್ಯನ ಕಣ್ಣು ಕಿತ್ತರೆ ಕಣ್ಣು, ಸಾಮಾನ್ಯನ ಕಣ್ಣು ಕಿತ್ತರೆ ಬರೀ ದಂಡ ಎಂಬುದೂ ಅದೇ ಕಲ್ಲಿನ ಮೇಲಿದೆ.

ಹಮ್ಮುರಬಿಯ ನಂತರ ಸಾವಿರ ವರ್ಷಗಳಿಗೂ ಮೀರಿ ಕಳೆದ ಮೇಲೆ ಬಂದವನು ನೆಬೂಕದ್ನೆಚ್ಚರ. ಆಗಿನ ಬಾಬಿಲೋನಿಯ ವೃತ್ತಾಂತದ ಹಲಗೆಯೊಂದು 1956ರಲ್ಲಿ ಪ್ರಕಟವಾಯಿತು. ಅರಸನು ತನ್ನ ಆಳ್ವಿಕೆಯ ಏಳನೆಯ ವರ್ಷ ಯೆಹೂದದ ನಗರವನ್ನು ಮುತ್ತಿ, ಅಲ್ಲಿನ ರಾಜನನ್ನು ಹಿಡಿದು, ತನಗೆ ಬೇಕಾದವನನ್ನು ಪಟ್ಟಕ್ಕೇರಿಸಿದನೆಂದು ಅದರಲ್ಲಿದೆ. ನಮ್ಮ ಲೆಕ್ಕದಲ್ಲಿ ಅದು ಕ್ರಿ.ಪೂ. 597ರ ಮಾರ್ಚ್. ಅರಸುಗಳ ಎರಡನೆಯ ಗ್ರಂಥದ 24ನೆಯ ಅಧ್ಯಾಯ ಹೇಳುವುದೂ ಇದನ್ನೇ. ಸೆರೆಯಾದ ಆ ಅರಸ ಯೆಹೋಯಾಕೀನನಿಗೂ ಅವನ ಐವರು ಮಕ್ಕಳಿಗೂ ಅರಮನೆಯ ಉಗ್ರಾಣದಿಂದ ಎಣ್ಣೆ ಅಳೆದು ಕೊಟ್ಟ ಲೆಕ್ಕದ ಹಲಗೆಗಳೂ ಬಾಬಿಲೋನಿನ ಉತ್ಖನನದಲ್ಲಿ ದೊರೆತವು. ಉಗ್ರಾಣದ ಗುಮಾಸ್ತನೊಬ್ಬ ತನ್ನ ಪಾಡಿಗೆ ಬರೆದಿಟ್ಟ ಲೆಕ್ಕ ಅದು. ಯಾರಿಗೂ ಏನನ್ನೂ ರುಜುವಾತು ಮಾಡುವ ಉದ್ದೇಶ ಅವನಿಗೆ ಇರಲಿಲ್ಲ. ಅದರ ಬೆಲೆ ಇರುವುದೂ ಅಲ್ಲಿಯೇ.

ಸಾಮಾನ್ಯ ಸೆರೆಯಾಳುಗಳ ಗತಿ ಏನಾಯಿತು? 2014ರಲ್ಲಿ ಪ್ರಕಟವಾದ ನೂರಕ್ಕೂ ಹೆಚ್ಚು ಹಲಗೆಗಳು ಇದಕ್ಕೆ ಒಂದಿಷ್ಟು ಉತ್ತರ ಕೊಟ್ಟಿವೆ. ಇವು ಕ್ರಮಬದ್ಧ ಉತ್ಖನನದಲ್ಲಿ ಸಿಗದೆ ಮಾರುಕಟ್ಟೆಯ ಮೂಲಕ ಬಂದವು ಎಂಬುದು ಬೇಸರದ ಸಂಗತಿ. ಬಾಬಿಲೋನಿಯದಲ್ಲಿ 'ಯೆಹೂದದ ಊರು' ಎಂದೇ ಕರೆಯಲ್ಪಟ್ಟ ಗ್ರಾಮವಿತ್ತು. ಅಲ್ಲಿ ಯೆಹೂದ್ಯ ಕುಟುಂಬಗಳು ಅರಸನ ಭೂಮಿಯಲ್ಲಿ ಗೇಣಿಗೆ ದುಡಿದು, ಬಾರ್ಲಿ, ಖರ್ಜೂರ ಬೆಳೆದು, ತೆರಿಗೆ ಕಟ್ಟಿ, ಸಾಲ ಮಾಡಿ ಬದುಕುತ್ತಿದ್ದವು. ಪ್ರವಾದಿ ಯೆರೆಮೀಯನು ಸೆರೆಯಾಳುಗಳಿಗೆ ಬರೆದ ಪತ್ರ (29ನೆಯ ಅಧ್ಯಾಯ) ಇಲ್ಲಿ ನೆನಪಾಗುತ್ತದೆ. ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಆ ನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ಆತ ಹೇಳಿದ್ದ. ಹಲಗೆಗಳನ್ನು ನೋಡಿದರೆ ಅವನ ಮಾತು ವ್ಯರ್ಥವಾದಂತೆ ಕಾಣುವುದಿಲ್ಲ. ಕೀರ್ತನೆಯ ಕಣ್ಣೀರು, ಯೆರೆಮೀಯನ ಪತ್ರ ಎರಡನ್ನೂ ಒಟ್ಟಿಗೆ ಕಲಿಸುವುದು ಒಳ್ಳೆಯದೆಂದು ನಮ್ಮ ಅನಿಸಿಕೆ.

ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಬಾಬಿಲೋನನ್ನು ಗೆದ್ದ. ಆ ವಿಜಯದ ಮಣ್ಣಿನ ಉರುಳೆಯನ್ನು 1879ರಲ್ಲಿ ಪತ್ತೆಮಾಡಿದ ಹೊರ್ಮುಜ್ದ್ ರಸ್ಸಾಮ್ ಮೊಸುಲ್‌ನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವನು. ಅದರಲ್ಲಿ ಯೆಹೂದ್ಯರ ಹೆಸರಿಲ್ಲ; ಸ್ಥಳಾಂತರಗೊಂಡ ಜನರನ್ನೂ ದೇವಮೂರ್ತಿಗಳನ್ನೂ ಅವರವರ ಊರಿಗೆ ಮರಳಿಸಿದ ಅವನ ನೀತಿ ಮಾತ್ರ ಇದೆ.

ಯೆಹೂದ್ಯರು ಬರಿಗೈಯಲ್ಲಿ ಮರಳಲಿಲ್ಲ. ತಿಂಗಳುಗಳ ಹೆಸರುಗಳನ್ನು ಬಾಬಿಲೋನಿನಿಂದ ತಂದರು. ಪಾಸ್ಕ ಹಬ್ಬದ ನಿಸಾನ್ ತಿಂಗಳು ಅಲ್ಲಿಯದು. ಗಂಟೆಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡು ಎಂಬ ಲೆಕ್ಕದ ಮೂಲವೂ ಅವರ ಅರವತ್ತರ ಎಣಿಕೆ. ಹನ್ನೆರಡು ರಾಶಿಗಳು ಅವರಲ್ಲಿ ರೂಪುಗೊಂಡು, ಗ್ರೀಕರ ಮೂಲಕ ಭಾರತಕ್ಕೆ ಬಂದು ನಮ್ಮ ಪಂಚಾಂಗಗಳನ್ನು ಸೇರಿದವು. (ಜಾತಕ ನಂಬುವುದನ್ನು ಧರ್ಮಸಭೆ ಒಪ್ಪುವುದಿಲ್ಲ, ಅದು ಬೇರೆ ಮಾತು.)

ಅವರ ಖಗೋಳ ಗಣಿತವನ್ನು ಬಿಡಿಸಿದವರು ಯೇಸುಸಭೆಯ ಮೂವರು ಗುರುಗಳು. ವಂ. ಸ್ಟ್ರಾಸ್‌ಮಾಯರ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು ಹಲಗೆಗಳನ್ನು ನಕಲು ಮಾಡಿದರು. ಗಣಿತ ಬಲ್ಲ ವಂ. ಜೋಸೆಫ್ ಎಪ್ಪಿಂಗ್ ಅವು ಚಂದ್ರ, ಗ್ರಹಗಳ ಲೆಕ್ಕಗಳೆಂದು ಗುರುತಿಸಿ 1889ರಲ್ಲಿ ಪುಸ್ತಕ ಬರೆದರು. ಎಪ್ಪಿಂಗ್ ತೀರಿಕೊಂಡ ಮೇಲೆ ವಂ. ಫ್ರಾನ್ಸ್ ಕ್ಸಾವರ್ ಕುಗ್ಲರ್ ಕೆಲಸ ಮುಂದುವರಿಸಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ, ಮೂರು ಚಿಲ್ಲರೆ ಸೆಕೆಂಡು ಎಂಬ ಎಣಿಕೆ ಗ್ರೀಕರದೆಂದು ಎಲ್ಲರೂ ತಿಳಿದಿದ್ದರು. ಅದು ಬಾಬಿಲೋನಿನವರದೆಂದು ಕುಗ್ಲರ್ 1900ರಲ್ಲಿ ತೋರಿಸಿಕೊಟ್ಟರು. ಇಂದಿನ ಲೆಕ್ಕಕ್ಕೂ ಅದಕ್ಕೂ ಅರ್ಧ ಸೆಕೆಂಡಿನಷ್ಟೂ ವ್ಯತ್ಯಾಸವಿಲ್ಲ. ದೂರದರ್ಶಕ ಇಲ್ಲದೆ, ತಲೆಮಾರುಗಟ್ಟಲೆ ಆಕಾಶ ನೋಡಿ ಬರೆದಿಟ್ಟದ್ದರ ಫಲ ಇದು. ಈ ಬರಹ ಕ್ರಿ.ಶ. 75ರ ಸುಮಾರಿನವರೆಗೂ ನಡೆದಿತ್ತು, ಎಂದರೆ ಪೇತ್ರ, ಪೌಲರ ಕಾಲ ಮುಗಿದ ಮೇಲೂ. ಪೇತ್ರನ ಮೊದಲ ಪತ್ರದ ಕೊನೆಯಲ್ಲಿ ಬಾಬಿಲೋನ್ ಎಂದಿರುವುದು ಮಾತ್ರ ರೋಮ್ ನಗರವನ್ನು ಕುರಿತು ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ಬಾಬಿಲೋನಿನ ಅವಶೇಷಗಳು ಈಚೆಗೂ ಪೆಟ್ಟು ತಿಂದಿವೆ. 1980ರ ದಶಕದಲ್ಲಿ ಸದ್ದಾಮ್ ಹುಸೇನ್ ತನ್ನ ಹೆಸರೊತ್ತಿದ ಇಟ್ಟಿಗೆಗಳಿಂದ ಹಳೆಯ ಗೋಡೆಗಳ ಮೇಲೆಯೇ ಕಟ್ಟಿಸಿದ. 2003-04ರಲ್ಲಿ ಅಲ್ಲಿ ಸೇನಾ ಶಿಬಿರ ಬೀಡುಬಿಟ್ಟಿತ್ತು. ಯುನೆಸ್ಕೊ 2019ರಲ್ಲಿ ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆ ನಾಡಿನಲ್ಲಿ ಕ್ರೈಸ್ತರು ಇಂದಿಗೂ ಇದ್ದಾರೆ, ಹಿಂಸೆಯಿಂದಾಗಿ ಸಂಖ್ಯೆ ಬಹಳ ಕುಗ್ಗಿದ್ದರೂ. ಕಲ್ದಾಯ ಕಥೋಲಿಕ ಧರ್ಮಸಭೆಯ ಪೇಟ್ರಿಯಾರ್ಕರಿಗೆ ದೀರ್ಘಕಾಲ ಬಾಬಿಲೋನಿನ ಪೇಟ್ರಿಯಾರ್ಕ್ ಎಂಬ ಬಿರುದೇ ಇತ್ತು. ಅವರು ಪ್ರಾರ್ಥನೆಯಲ್ಲಿ ಬಳಸುವ ಸಿರಿಯಾಕ್, ಯೇಸುಸ್ವಾಮಿ ಆಡಿದ ಅರಮಾಯಿಕ್ ಭಾಷೆಯ ಒಂದು ಕವಲು. 1999ರಲ್ಲಿ ಸ್ಥಾಪನೆಯಾದ ನಮ್ಮ ನೆರೆಯ ಬೆಳ್ತಂಗಡಿ ಸಿರೊ ಮಲಬಾರ್ ಧರ್ಮಪ್ರಾಂತ್ಯದ ಪೂಜಾವಿಧಿಯೂ ಇದೇ ಪೂರ್ವ ಸಿರಿಯಾಕ್ ಪರಂಪರೆಯದು. 2021ರ ಮಾರ್ಚ್ 6ರಂದು ಪೋಪ್ ಫ್ರಾನ್ಸಿಸ್ ಬೆಳಿಗ್ಗೆ ಅಬ್ರಹಾಮನ ಊರ್ ನಗರದಲ್ಲಿ ಪ್ರಾರ್ಥಿಸಿ, ಅದೇ ದಿನ ಸಂಜೆ ಬಾಗ್ದಾದಿನ ಸಂತ ಜೋಸೆಫರ ಕಲ್ದಾಯ ಪ್ರಧಾನಾಲಯದಲ್ಲಿ ಆ ವಿಧಿಯಂತೆ ಬಲಿಪೂಜೆ ಅರ್ಪಿಸಿದರು.